ದೇವರ ಕುರಿಗೊಂದು ಬೇರೆ ಪಟ್ಟಿ

ಆಗ ನನಗೆ ಐವತ್ತೆಂಟು. ಹನ್ನೊಂದು ವರ್ಷವಾಯಿತು. ಶಾಹಿನಾಳ ಕೆಲಸ ಹೋದದ್ದು ನನ್ನಿಂದ. ಅವಳದು ತಪ್ಪಿರಲಿಲ್ಲ — ಗೊತ್ತಿದ್ದೇ ಸುಳ್ಳು ಹೇಳಿದೆ.

ಹಿರಿಯೂರಿನಲ್ಲಿ ಕುರಿ ಕೊಂಡು ಮಾರುವ ಕಂಪನಿ ಅದು. ಹಳ್ಳಿಗಳ ಕುರಿಗಳಿಗೆ ಕಿವಿಯಲ್ಲಿ ನಂಬರಿನ ಬಿಲ್ಲೆ ಹೊಡೆದು, ಲಸಿಕೆ ಹಾಕಿಸಿ, ಬೆಳೆದ ಮೇಲೆ ಕೊಳ್ಳುತ್ತಿದ್ದರು. ನಾನು ಕುರಿ ಕಾದು ಬೆಳೆದವಳು. ಯಾವುದು ಯಾರದ್ದೆಂದು ಮುಖ ನೋಡಿ ಹೇಳುತ್ತಿದ್ದೆ. ಶಾಹಿನಾ ಕಂಪ್ಯೂಟರಿಗೆ ಹಾಕುತ್ತಿದ್ದಳು. ಆ ಡೇಟಾಬೇಸು ಮಾಡಿದವಳೇ ಅವಳು.

ಮೊದಲು ಇದ್ದದ್ದು ಒಂದೇ ಪಟ್ಟಿ. ದೇವರಿಗೆ ಬಿಟ್ಟ ಕುರಿಯನ್ನು ಮಾರುವ ಕುರಿಗಳ ಜೊತೆ ಬರೆಯಬಾರದು ಎಂದು ಹಟ ಹಿಡಿದವಳು ನಾನು.

"ಕೆಂಚಕ್ಕ, ಅದ್ರಾಗೇ ಒಂದು ಗುರುತು ಹಾಕಿದ್ರೆ ಸಾಕು. ಬ್ಯಾರೆ ಮಾಡಿದ್ರೆ ಆಮ್ಯಾಲೆ ಗೋಜಲಾಗ್ತೈತೆ," ಅಂದಳು ಶಾಹಿನಾ.

"ದೇವ್ರ ಕುರಿ ವಿಷ್ಯ ನಿನಗೇನೇ ಗೊತ್ತು? ಬ್ಯಾರೆ ಬರಿ ಅಂದ್ರೆ ಬರಿ," ಅಂದೆ.

ಬರೆದಳು. ಆಮೇಲೆ ಪಾಲಿಗೆ ಬಿಟ್ಟ ಕುರಿ — ಒಬ್ಬರದ್ದನ್ನು ಇನ್ನೊಬ್ಬರು ಮೇಯಿಸಿ ಮರಿ ಹಂಚಿಕೊಳ್ಳುವುದು — ಅದಕ್ಕೊಂದು. ಮದುವೆಯಲ್ಲಿ ಮಗಳಿಗೆ ಕೊಟ್ಟ ಕುರಿಗೊಂದು. ಹೀಗೆ ಒಂದೇ ಕುರಿ ಎರಡು ಮೂರು ಪಟ್ಟಿಗಳಲ್ಲಿ ಸೇರತೊಡಗಿತು. ಪ್ರತಿ ಸಲ ಅವಳು ಬೇಡ ಅಂದಳು, ಪ್ರತಿ ಸಲ ನಾನು ಬಾಯಿ ಮಾಡಿದೆ.

ಲೆಕ್ಕ ತಾಳೆಯಾಗದೆ ಹೋದಾಗ, ಡೇಟಾಬೇಸು ಅತಿ ಸಿಕ್ಕಾಗಿದೆಯೋ, ಕುರಿಯ ವ್ಯವಹಾರವೇ ಹಾಗೋ ನೋಡಿ ಹೇಳಲು ಮ್ಯಾನೇಜರು ಹೊರಗಿನವನೊಬ್ಬನನ್ನು ಕರೆಸಿದರು. ಅವನು ದೊಡ್ಡಿಗೆ ಹೋಗಿ ಒಂದು ಕುರಿಯ ನಂಬರು ಬರೆದುಕೊಂಡು ಬಂದು ಹುಡುಕಿಸಿದ. ಒಂದು ಪಟ್ಟಿಯಲ್ಲಿ ಅದು ಬದುಕಿತ್ತು, ಇನ್ನೊಂದರಲ್ಲಿ ಮಾರಿಹೋಗಿತ್ತು, ಮೂರನೆಯದರಲ್ಲಿ ಸತ್ತಿತ್ತು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಕುರಿ ಹೊರಗೆ ಸೊಪ್ಪು ತಿನ್ನುತ್ತಿತ್ತು. ಇದು ಕುರಿ ವ್ಯವಹಾರದ ಕಷ್ಟವಲ್ಲ, ಪಟ್ಟಿ ಮಾಡಿದವರ ತಪ್ಪು ಎಂದ ಅವನು.

ಇಷ್ಟು ಪಟ್ಟಿ ಯಾರು ಹೇಳಿ ಮಾಡಿಸಿದರು ಎಂದು ಮ್ಯಾನೇಜರು ಕೇಳಿದರು. ಶಾಹಿನಾ ನನ್ನ ಹೆಸರು ಎತ್ತಲಿಲ್ಲ. ನನ್ನ ಕಡೆ ನೋಡಿದಳು — ನಾನೇ ಹೇಳುತ್ತೇನೆ ಎಂದುಕೊಂಡಳೋ ಏನೋ…

"ನನಿಗೇನು ಗೊತ್ತು ಸಾಮಿ, ಓದಿದೋಳು ಅವ್ಳು," ಅಂದೆ.

ಅಲ್ಲಿಗೆ ಮುಗಿಯಿತು. ಶಾಹಿನಾಗೆ ನಾಳೆಯಿಂದ ಬರಬೇಡ ಅಂದರು. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ನಿಂತು "ಬರ್ತೀನಿ ಕೆಂಚಕ್ಕ" ಅಂದಳು, ದಿನಾ ಹೇಳುವ ಹಾಗೆ. ಊರು ಸಣ್ಣದು, ಸುದ್ದಿ ಅವಳಿಗಿಂತ ಮುಂದೆ ಹೋಯಿತು. ಹಿರಿಯೂರಿನಲ್ಲಿ ಮತ್ತೆ ಯಾರೂ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಲಿಲ್ಲ.

ಹೆದರಿ ಹಾಗಂದೆ ಎಂದು ಬರೆಯಬಹುದಿತ್ತು. ಹೆದರಿಕೆ ಇರಲಿಲ್ಲ — ಕುರಿ ಗುರುತು ಹಿಡಿಯುವವಳು ನಾನೊಬ್ಬಳೇ, ನನ್ನನ್ನು ಯಾರೂ ತೆಗೆಯುತ್ತಿರಲಿಲ್ಲ. ಬೈದು ಬಿಡುತ್ತಿದ್ದರು, ಅಷ್ಟೇ. ಆ ಒಂದು ಬೈಗುಳ ತಿನ್ನಲು ನನಗೆ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಬ್ಬೂರಿನ ತಂಗಿಯ ಮನೆಗೆ ಹೋದೆ. ಅವಳ ಮಗಳು ಕಂಪ್ಯೂಟರು ಕಲಿತು ಕೆಲಸವಿಲ್ಲದೆ ಮನೆಯಲ್ಲಿದ್ದಳು. ಹೊಸಬರು ಬೇಕೆಂದು ಮ್ಯಾನೇಜರು ಬಾಯಿ ಬಿಡುವ ಮೊದಲೇ ಅವಳನ್ನು ಕರೆತಂದು ಶಾಹಿನಾಳ ಕುರ್ಚಿಯಲ್ಲಿ ಕೂರಿಸಿದೆ.