ಬಿಡಿಬಿಡಿಯಾಗಿ ಕಟ್ಟಿದ ಮಾತು

ನಮ್ಮ ಕಡೆ ಒಬ್ಬ ಮನುಷ್ಯ ಒಮ್ಮೆ ಫ್ಯೂಸ್ ತಂತಿ ಹಾಕಿ ದೀಪ ಹೊತ್ತಿಸಿದರೆ ಸಾಕು, ಆಮೇಲೆ ಓಣಿಯ ಫ್ಯಾನು, ಮಿಕ್ಸರ್, ರೇಡಿಯೋಗಳ ಆಯುಷ್ಯವೆಲ್ಲ ಅವನ ಹಣೆಗೇ ಅಂಟಿಕೊಳ್ಳುತ್ತದೆ. ಬೆಟಗೇರಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು ‘ಕಂಪ್ಯೂಟರ್ ಸರ್’ ಆದದ್ದೂ ಹೀಗೆಯೇ; ಮೊದಲ ಯಂತ್ರ ಬಂದ ದಿನ ಉಳಿದವರು ಅಂಜಿದ ಗುಂಡಿಯನ್ನು ಒತ್ತಿದವನು ನಾನು, ಅಷ್ಟೇ ನನ್ನ ಪಾಂಡಿತ್ಯ. ಗದಗ ಹೊಸ ಜಿಲ್ಲೆಯಾಗಿ ಬಹಳ ಕಾಲವಾಗಿರಲಿಲ್ಲ. ಅಂಗೈಯೊಳಗಿನ ಫೋನು ಕನ್ನಡ ಮಾತನಾಡುವ ಯುಗ ಇನ್ನೂ ದೂರವಿತ್ತು.

ಹೀಗಿರಲು ಲಕ್ಷ್ಮೇಶ್ವರದಿಂದ ನಬಿಸಾಬರ ಫೋನು ಬಂತು. ನಾನು ವರ್ಷದ ಜೋಳ ಕೊಳ್ಳುತ್ತಿದ್ದುದು ಅವರ ಕಾಳಿನ ಅಂಗಡಿಯಲ್ಲಿ. ಕೆಲವು ವರ್ಷಗಳ ಹಿಂದೆ ಕಣ್ಣೊಳಗಿನ ಒತ್ತಡದ ಬೇನೆಯಿಂದ ಅವರ ದೃಷ್ಟಿ ಪೂರ್ತಿ ಹೋಗಿತ್ತು.

“ಸರ, ನಮ್ಮ ಮನಿಯಾಕಿಗೆ ಮಾತು ಬರೋಹಂಗ ಮಾಡಾಕ ಆಗ್ತೈತೇನ್ರಿ?” ಅಂದರು.

ಅವರ ಹೆಂಡತಿ ಅಮೀನಾಬಿಗೆ ಗಂಟಲ ಶಸ್ತ್ರಚಿಕಿತ್ಸೆಯಾಗಿ ಧ್ವನಿ ಇಲ್ಲವಾದ ಸಂಗತಿ ನನಗೆ ತಿಳಿದದ್ದು ಆಗಲೇ. ಗಂಡನಿಗೆ ಸನ್ನೆ ಕಾಣದು, ಹೆಂಡತಿಗೆ ದನಿ ಬಾರದು. ಮಗಳು ಮುಂಡರಗಿಯ ಗಂಡನ ಮನೆಯಲ್ಲಿ. ಅಮೀನಾಬಿ ಗಂಡನ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವರಂತೆ; ಮೂಟೆ ಹೊತ್ತು ಜಡ್ಡುಗಟ್ಟಿದ ಆ ಅಂಗೈ ‘ಉಪ್ಪು’ ಎಂದರೆ ‘ತುಪ್ಪ’ ಎಂದು ಓದುವುದಂತೆ. ನೆರೆಯವರನ್ನು ಕರೆದು ನಡುವೆ ಕೂರಿಸಬಹುದಿತ್ತು. ಆದರೆ ಗಂಡಹೆಂಡಿರ ಎಲ್ಲ ಮಾತಿಗೂ ದುಭಾಷಿಯನ್ನು ಇಟ್ಟುಕೊಳ್ಳಲಾದೀತೆ?

ಮಗಳು ಕಳಿಸಿದ ಹಳೆಯ ಕಂಪ್ಯೂಟರೊಂದು ಮನೆಯಲ್ಲಿತ್ತು. ಬೆರಳಚ್ಚಿಸಿದ್ದನ್ನು ಓದಿ ಹೇಳುವ ತಂತ್ರಾಂಶವಿದೆಯೆಂದು ನಾನು ಬಲ್ಲೆ. ಆದರೆ ಆ ಯಂತ್ರಕ್ಕೆ ಒಗ್ಗುವ, ಕನ್ನಡವನ್ನೂ ಬಲ್ಲ ಸಿದ್ಧ ಪ್ರತಿ ಸಿಗಲಿಲ್ಲ. ಸಿಕ್ಕದ್ದು ಅದರ ಮೂಲಸಂಕೇತ, ಅಂದರೆ ಮನೆಯಲ್ಲ, ಮನೆಯ ಕಲ್ಲು, ಮರಳು ಮತ್ತು ನಕ್ಷೆ. ಕಟ್ಟಿಕೊಳ್ಳುವ ಭಾರ ನಮ್ಮದು. ಅದರಲ್ಲಿ ಭಾಷೆ ಒಂದು ಬಿಡಿಭಾಗ, ಕಂಠ ಇನ್ನೊಂದು, ಸದ್ದು ಸ್ಪೀಕರಿಗೆ ಹೋಗುವ ದಾರಿ ಮತ್ತೊಂದು. ಯಾವುದು ಬೇಕು, ಯಾವುದು ಬೇಡ ಎಂದು ಮೊದಲು ಹೇಳಿ, ಆಮೇಲೆ ಕಟ್ಟಲು ಅಪ್ಪಣೆ ಕೊಡಬೇಕು.

ಒಂದು ಭಾನುವಾರ ಅವರ ಮನೆಗೆ ಹೋಗಿ ಕುಳಿತೆ. ಮೊದಲ ಆಘಾತ ಅಲ್ಲೇ ಕಾದಿತ್ತು: ಬಿಡಿಭಾಗಗಳ ಪಟ್ಟಿಯಲ್ಲಿ ಕನ್ನಡದ ಮುಂದೆ, ಯಾರೂ ಕೇಳದೆಯೇ, ‘ಬೇಡ’ ಎಂದಿತ್ತು! ಅದನ್ನು ‘ಬೇಕು’ ಮಾಡಿ, ವಿಜಯದ ಹುಮ್ಮಸ್ಸಿನಲ್ಲಿ ಉಳಿದ ಸಾಲುಗಳನ್ನು ಓದದೆ ಅಪ್ಪಣೆ ಕೊಟ್ಟೆ. ಪರದೆಯ ಮೇಲೆ ಇರುವೆಸಾಲಿನಂತೆ ಅಕ್ಷರಗಳು ಹರಿದವು. ಅಮೀನಾಬಿ ಎರಡು ಸಲ ಚಹಾ ತಂದಿಟ್ಟರು. ಕಟ್ಟಡ ಮುಗಿಯಿತು. ನಾನು ‘ನಮಸ್ಕಾರ’ ಎಂದು ಒತ್ತಿದೆ. ಮೌನ. ಮತ್ತೆ ಒತ್ತಿದೆ. ಮೌನ. ಯಂತ್ರದಲ್ಲಿ ಸದ್ದಿನ ಸಾಮಗ್ರಿ ಸಿಗದೆ ಹೋದದ್ದರಿಂದ ಸ್ಪೀಕರಿನ ದಾರಿಯ ಬಿಡಿಭಾಗವನ್ನು ಅದು ತಾನೇ ಕೈಬಿಟ್ಟಿತ್ತು. ಹಾಗೆಂದು ನಾನು ಓದದ ಸಾಲಿನಲ್ಲಿ ತಿಳಿಸಿಯೂ ಇತ್ತು. ಧ್ವನಿ ಹೋದ ಹೆಂಗಸಿನ ಎದುರಿಗೆ ಧ್ವನಿಯಿಲ್ಲದ ವಾಚಾಳಿಯೊಂದನ್ನು ಕಟ್ಟಿಟ್ಟಿದ್ದೆ! ಅಮೀನಾಬಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ಆತೇನ್ರಿ ಸರ?” ಎಂದು ನಬಿಸಾಬರು ಕಿವಿ ಮುಂದೆ ಮಾಡಿ ಕೇಳಿದರು. ಸದ್ದಿನ ಸಾಮಗ್ರಿಯನ್ನು ಹೊಂದಿಸಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿದೆ.

ಸಂಜೆಗೆ ಸರಿಹೋಯಿತು. ಮನೆಮಾತು ಉರ್ದುವಾದರೂ ಅಮೀನಾಬಿ ಶಾಲೆ ಕಲಿತದ್ದು ಕನ್ನಡದಲ್ಲಿ. ಹೊಲಿಗೆಯಲ್ಲಿ ಪಳಗಿದ ಬೆರಳುಗಳು ಕೀಲಿಗಳನ್ನು ಬೇಗ ಹಿಡಿದವು. ಇಷ್ಟು ತಿಂಗಳ ಮೌನದ ನಂತರದ ಮೊದಲ ಮಾತು ಎಂದು ನಾನು ಭಾವಪರವಶನಾಗಲು ಸಿದ್ಧನಾಗಿ ನಿಂತೆ. ನೆಗಡಿಯಾದ ದರೋಡೆಕೋರನಂಥ ಗಂಡುಧ್ವನಿಯೊಂದು ಗುಡುಗಿತು:

“ನಿಮ್ಮ ಅಂಗಿ ಉಲ್ಟಾ ಆಗೇತಿ. ಮುಂಜಾನಿಂದ ಹೇಳಾಕತ್ತೀನಿ!”

ನಬಿಸಾಬರು ಕುರ್ಚಿಯಿಂದ ಎದ್ದೇಬಿಟ್ಟರು. “ಯಾರಪಾ ನೀ? ಮನ್ಯಾಗ ಹೆಂಗ ಬಂದಿ?”

ನಾನು ವಿವರಿಸುವಷ್ಟರಲ್ಲಿ ಅವರ ಕೈ ತಾನಾಗಿ ಕೊರಳಿಗೆ ಹೋಗಿ ಅಂಗಿಯ ಹೊಲಿಗೆಯನ್ನು ತಡವಿತು. ಹೊಲಿಗೆ ಹೊರಗಿತ್ತು. ನಿಧಾನವಾಗಿ ಕುಳಿತರು. “ಅಮೀನಾ, ಇನ್ನೊಮ್ಮಿ ಬೈ” ಅಂದರು. ಕಂಠ ಹೋದರೂ ಮಾತು ಹೋಗಿರಲಿಲ್ಲ. ಯಾರ ಗಂಟಲಿನಿಂದ ಬಂದರೂ ಆ ಬೈಗುಳ ಯಾರದೆಂದು ಅವರಿಗೆ ಗೊತ್ತಾಗಿತ್ತು.

ನಾನಾದರೂ ಅಷ್ಟಕ್ಕೆ ನಿಲ್ಲುವವನೆ? ಹೆಣ್ಣುಕಂಠದ ಬಿಡಿಭಾಗವನ್ನು ಹುಡುಕಿ ತಂದು, ಮುಂದಿನ ಭಾನುವಾರ ಮತ್ತೆ ಕಟ್ಟಿದೆ. ಅಮೀನಾಬಿ ಒತ್ತಿದರು. “ಚಾ ಕುಡೀತೀರೇನ್ರಿ?” ಎಂದಿತು ಜೇನಿನಂಥ ದನಿ. ನಬಿಸಾಬರ ಮುಖ ಅರಳಿತು.

“ಅಗದಿ ಚಂದ ಐತಿ ನೋಡ್ರಿ ಧ್ವನಿ!”

ಅಮೀನಾಬಿ ಕೀಲಿಮಣೆಯನ್ನು ಸರಕ್ಕನೆ ಎಳೆದುಕೊಂಡರು. ಅದೇ ಜೇನುದನಿ ನನ್ನನ್ನೇ ವಿಚಾರಿಸಿಕೊಂಡಿತು: “ಸರ, ಈಕಿ ಯಾರ್ರಿ? ನನ್ನ ಮನ್ಯಾಗ ಇನ್ನೊಬ್ಬಾಕಿ ಬ್ಯಾಡ. ಆ ಗಂಡಸನ್ನ ವಾಪಸ್ ಕರೀರಿ.”

ನಾನು ದಂಗಾದೆ. ನಬಿಸಾಬರು ಗೋಡೆಗೆ ಒರಗಿ ಕೆಮ್ಮು ಬರುವಷ್ಟು ನಕ್ಕರು. ಅಮೀನಾಬಿ ಹೇಳಿದಂತೆ ನಾನು ದರೋಡೆಕೋರನನ್ನು ಮರಳಿ ಸ್ಥಾಪಿಸಿದೆ. ಅಷ್ಟರಲ್ಲಿ ನಬಿಸಾಬರು ನಗುತ್ತಲೇ ಕೈಚಾಚಿ ಹೆಂಡತಿಯ ಹೆಗಲು ಮುಟ್ಟಿದರು. ಹೆಗಲು ಸದ್ದಿಲ್ಲದೆ ಅದುರುತ್ತಿತ್ತು. ಅವರ ನಗು ಅಲ್ಲಿಗೇ ನಿಂತಿತು.

“ಸರ, ಅಳಾಕತ್ತಾಳೇನ್ರಿ?”

ನಾನು ಬಾಯಿ ತೆರೆದೆ. ಅಮೀನಾಬಿ ಕೈಯೆತ್ತಿ ನನ್ನನ್ನು ತಡೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿದರು. ಆ ಒರಟು ಗಂಟಲು ಹೇಳಿತು:

“ನಗಾಕತ್ತೀನ್ರಿ.”