ಹನ್ನೊಂದನೆಯವಳ ಹಾಲು

ಅಂಬಿಕ ಕೂತಲ್ಲಿ ಕೂರುವ ಹೆಂಗಸಲ್ಲ. ಪಾಂಡವಪುರದ ಸಣ್ಣ ಕಂಪನಿಯೊಂದರಲ್ಲಿ ಹಾಲು ಪರೀಕ್ಷಿಸುವ ಮಿಷಿನ್ನಿಗೆ ಪ್ರೋಗ್ರಾಂ ಬರೆಯುತ್ತಾಳೆ; ಒಂದು ಸಾಲು ಬರೆದರೆ ಎರಡು ಸಲ ಎದ್ದು ಓಡಾಡುತ್ತಾಳೆ. ಆವತ್ತಂತೂ ಶೀಳನೆರೆ ಕಡೆಯ ಹಳ್ಳಿಯ ಡೇರಿಯಲ್ಲಿ ಲ್ಯಾಪ್‌ಟಾಪಿಗೂ ಬಾಗಿಲಿಗೂ ನಡುವೆ ಮಧ್ಯಾಹ್ನವೆಲ್ಲ ತಿರುಗಿದ್ದಳು.

ಆ ಡೇರಿಗೆ ದ್ಯಾವಮ್ಮ ಹಾಕುವ ಹಾಲಿನಲ್ಲಿ ನೀರಿದೆ ಎಂದು ಮಿಷಿನ್ನು ದಿನಾ ತೋರಿಸುತ್ತಿತ್ತು. ವಾರದ ಹಿಂದೆ ಪರೀಕ್ಷಿಸಲು ಬಂದ ಅಂಬಿಕ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ "ಮಿಷಿನ್ನು ಸರಿಯಾಗೇ ಅದೆ" ಎಂದುಬಿಟ್ಟಿದ್ದಳು. ಅಲ್ಲಿಂದ ಜನ ದ್ಯಾವಮ್ಮನನ್ನು ನೋಡುವ ನೋಟವೇ ಬೇರೆಯಾಯಿತು. ಇವತ್ತು ಸಂಜೆಯೂ ನೀರು ತೋರಿಸಿದರೆ ಆಕೆಯ ಹಾಲೇ ಬೇಡ ಎಂದು ಸಂಘದವರು ತೀರ್ಮಾನಿಸಿದ್ದರು. ತಾನು ಆಡಿದ ಮಾತು ಸುಳ್ಳಾಗಿದ್ದರೆ? ಅಂಬಿಕಳಿಗೆ ಊಟ ಸೇರಲಿಲ್ಲ.

ಮಿಷಿನ್ನು ಒಬ್ಬೊಬ್ಬರ ಹಾಲನ್ನು ಎಂಟು ಸಲ ಅಳೆದು, ಎಂಟು ಅಂಕಿಗಳನ್ನೂ ಮೆಮೊರಿಯಲ್ಲಿ ಸಾಲಾಗಿ ಇಟ್ಟು, ಸರಾಸರಿ ಹೇಳುತ್ತದೆ. ಆ ಸಾಲು ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವಷ್ಟೇ ಪ್ರೋಗ್ರಾಮಿನ ಪಾಯಿಂಟರ್ ಎಂಬ ಗುರುತಿನಲ್ಲಿರುವುದು. ಬೆಳಗ್ಗೆ ದ್ಯಾವಮ್ಮನ ಸರದಿಯಲ್ಲಿ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ, ಆಗಿನ ಮೆಮೊರಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆ ವಿಳಾಸದಲ್ಲಿ ಏನಿದೆಯೆಂದು ಹತ್ತು ಸಲ ನೋಡಿದ್ದಳು. ಪ್ರತಿ ಸಲವೂ ಗಟ್ಟಿ ಹಾಲಿನ ಅಂಕಿ.

"ಒಳ್ಳೆ ಆಲೇ ತೋರ್ಸ್ತಾ ಅದಲ್ಲ ಮೇಡಂ, ಮತ್ತೆ ನೀರೆಲ್ಲಿಂದ ಬತ್ತು?" ಎಂದ ಸೆಕ್ರೆಟರಿ ಜಯಕುಮಾರ್.

"ಸುಮ್ನಿರಿ ಜಯಣ್ಣ!" ಎಂದು ರೇಗಿದವಳು ತಟ್ಟನೆ ನಿಂತಳು. ಲ್ಯಾಪ್‌ಟಾಪಿನ ತೆರೆ ತೋರಿಸುತ್ತಿದ್ದುದು ಎಂಟು ಅಂಕಿಗಳಲ್ಲಿ ಮೊದಲನೆಯದನ್ನು ಮಾತ್ರ. ಎಷ್ಟು ತೋರಿಸಬೇಕೆಂದು ಈ ಜಾಣೆ ಕೇಳಿಯೇ ಇರಲಿಲ್ಲ!

ಎಂಟು ಬೇಕೆಂದು ಟೈಪಿಸಿದಳು. ಐದು ಹಾಲಿನವು. ಕೊನೆಯ ಮೂರು ಬರೀ ನೀರಿನವು.

ಹತ್ತು ಜನರಾದ ಮೇಲೆ ಜಯಕುಮಾರ್ ಒಮ್ಮೆ ಮಿಷಿನ್ನನ್ನು ನೀರಿನಲ್ಲಿ ತೊಳೆಯುತ್ತಾನೆ; ಆ ನೀರನ್ನೂ ಮಿಷಿನ್ನು ಎಂಟು ಸಲ ಅಳೆದಿಟ್ಟುಕೊಳ್ಳುತ್ತದೆ. ತೊಳೆದ ಮೇಲೆ ಬರುವ ಮೊದಲ ಹಾಲನ್ನು ಅಂಬಿಕಳ ಪ್ರೋಗ್ರಾಂ ಐದೇ ಸಲ ಅಳೆದು, ಉಳಿದ ಮೂರು ಜಾಗದಲ್ಲಿ ಆ ನೀರಿನ ಅಂಕಿಯನ್ನೇ ಬಿಡುತ್ತಿತ್ತು. ಇಪ್ಪತ್ತು ಮನೆಯ ಡೇರಿಯಲ್ಲಿ, ತೋಟದ ಮನೆಯಿಂದ ನಡೆದು ಬರುವ ದ್ಯಾವಮ್ಮ ಯಾವಾಗಲೂ ಹನ್ನೊಂದನೆಯವಳು. ಅಂದರೆ ಆಕೆಯ ಹಾಲಿಗೆ ದಿನಾ ನೀರು ಬೆರೆಸಿದವಳು ತಾನೇ! ಅಂಬಿಕ ಕೂತು ಪ್ರೋಗ್ರಾಮಿನ ಆ ತಪ್ಪನ್ನು ತಿದ್ದಿದಳು.

ಸಂಜೆ ದ್ಯಾವಮ್ಮ ಕ್ಯಾನು ಹಿಡಿದು ಬಂದಾಗ ಅಂಬಿಕ ಓಡಿಹೋಗಿ ಕಿವಿಯ ಹತ್ತಿರ ಹೇಳಿದಳು: "ಅಮ್ಮಾ, ನಿಮ್ಮ ಹಾಲಲ್ಲಿ ನೀರಿಲ್ಲ. ತಪ್ಪು ನಂದೇ."

"ಕರ್ದೋಳು ನಾನು, ನನ್ಗೆ ಗೊತ್ತಿಲ್ವಾ?" ದ್ಯಾವಮ್ಮ ಕ್ಯಾನು ಕೆಳಗಿಟ್ಟಳು. "ನನ್ಗ್ಯಾಕವ್ವ ಗುಟ್ಟಾಗಿ ಏಳ್ತೀಯೆ? ಅವತ್ತು ಅಷ್ಟು ಜನದ ಮುಂದೆ ಕೂಗ್ದಲ್ಲ, ಇವತ್ತೂ ಅಂಗೇ ಕೂಗು."

ಅಂಬಿಕ ಸಾಲಿನ ಕಡೆ ತಿರುಗಿದಳು. ಕೊನೆಯಲ್ಲಿ ನಿಂತವರಿಗೂ ಕೇಳುವಂತೆ ಕೂಗಿಯೇ ಹೇಳಿದಳು.