ಹೇಳದೇ ಬಿಟ್ಟದ್ದನ್ನು ಬರೆದಿಡುವ ಸಂಧ್ಯಾರಾಣಿ

ಬೆಳಗಿನ ಐದು ಗಂಟೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಕಚೇರಿ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ಐವತ್ತೆಂಟರ ಸಂಧ್ಯಾರಾಣಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ. ಸಾವಿರಾರು ಮೈಲಿ ದೂರದ ದೇಶವೊಂದರ ಸರ್ಕಾರಿ ರೇಡಿಯೊ ಇಂಗ್ಲಿಷಿನಲ್ಲಿ ಜಗತ್ತಿಗೆಲ್ಲ ಶುಭೋದಯ ಕೋರುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆ ಗುರಿ ಮೀರಿ ನೂರಾ ಹನ್ನೆರಡು ಪರ್ಸೆಂಟ್ ಸಾಧಿಸಿದೆಯಂತೆ. ಸಂಧ್ಯಾರಾಣಿ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವುತ್ತಾರೆ. ಹೋದ ವಾರವೂ ನೂರಾ ಹನ್ನೆರಡೇ. "ಪಾಪ, ಹೊಸ ನಂಬರ್ ಯಾರೂ ಕೊಟ್ಟಿಲ್ಲ ಅವ್ರಿಗೆ," ಎನ್ನುತ್ತಾರೆ, ನೆಂಟರ ಮನೆಯ ಕಷ್ಟ ಹೇಳುವಂತೆ.

ಆ ದೇಶದಲ್ಲಿ ಇರುವುದು ಒಂದೇ ಪಕ್ಷ. ರೇಡಿಯೊ ಅದರದ್ದೇ, ಸುದ್ದಿಯೂ ಅದರದ್ದೇ. ದೇಶದ ಹೆಸರು ಹೊರಗೆ ಹೇಳಬಾರದೆಂದು ಕಂಪನಿಯ ಕರಾರಿದೆ. ಹಾಗಾಗಿ ಇವರ ಬಾಯಲ್ಲಿ ಅದು ಬರೀ "ನಮ್ಮ ರೇಡಿಯೊ". ಕಂಪನಿಯ ಹೆಡ್ ಆಫೀಸ್ ಮೆಲ್ಬರ್ನ್‌ನಲ್ಲಿದೆ. ಇಂಥ ದೇಶಗಳ ಪ್ರಸಾರ ಕೇಳಿ, ಅಲ್ಲೇನು ನಡೆಯುತ್ತಿದೆ ಎಂದು ವ್ಯಾಪಾರಿಗಳಿಗೆ ವರದಿ ಕೊಡುವುದು ಅದರ ಕಸುಬು. ಪ್ರಸಾರವಾದ ಪ್ರತಿ ಮಾತನ್ನೂ ಈಗ ಸಾಫ್ಟ್‌ವೇರ್ ಬರೆದುಕೊಳ್ಳುತ್ತದೆ. ಹಾಗಾದರೆ ಇವರಿಗೇನು ಕೆಲಸ ಎಂದು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲಿದೆ: "ಅವ್ರು ಏನ್ ಹೇಳಿದ್ರು ಅನ್ನೂದು ಮಷಿನ್ ಬರೀತೈತ್ರಿ. ಏನ್ ಹೇಳಲಿಲ್ಲ ಅನ್ನೂದು ನಾ ಬರೀತೀನಿ."

ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ತಂದೆ ದ್ಯಾಮಣ್ಣ ಹೈಸ್ಕೂಲ್ ಮಾಸ್ತರರು, ಶಾರ್ಟ್‌ವೇವ್ ರೇಡಿಯೊದ ಹುಚ್ಚು ಹಿಡಿಸಿಕೊಂಡವರು. ನಿಮ್ಮ ಪ್ರಸಾರ ಸ್ಪಷ್ಟವಾಗಿ ಕೇಳುತ್ತಿದೆ ಎಂದು ಒಂದು ಕಾಗದ ಹಾಕಿದರೆ ಸಾಕು, ಪರದೇಶದ ಸರ್ಕಾರಿ ರೇಡಿಯೊಗಳು ಪುಕ್ಕಟೆ ಕ್ಯಾಲೆಂಡರು, ನುಣುಪು ಹಾಳೆಯ ಪತ್ರಿಕೆ ಕಳಿಸುತ್ತಿದ್ದ ಕಾಲ ಅದು. ಮಗಳ ಪುಸ್ತಕಗಳಿಗೆ ಆ ಹಾಳೆಗಳದೇ ರಟ್ಟು: ಗಣಿತಕ್ಕೆ ಟ್ರ್ಯಾಕ್ಟರ್ ಮೇಲೆ ಕೂತು ನಗುವ ರೈತಮಹಿಳೆ, ವಿಜ್ಞಾನಕ್ಕೆ ಅಣೆಕಟ್ಟು. ಲೈಬ್ರರಿ ಸೈನ್ಸ್ ಓದಿ, ಇಂದ್ರೇಶ್ ಅವರನ್ನು ಮದುವೆಯಾಗಿ, ನಲವತ್ತು ದಾಟಿದ ಮೇಲೆ ಸಿಡ್ನಿಗೆ ಬಂದವರಿಗೆ ಇಲ್ಲಿ ಲೈಬ್ರರಿಯ ಬಾಗಿಲು ತೆರೆಯಲಿಲ್ಲ. ಮೂರು ವರ್ಷ ಸೂಪರ್‌ಮಾರ್ಕೆಟ್‌ನಲ್ಲಿ ಡಬ್ಬಿ ಜೋಡಿಸಿದರು. ಆಮೇಲೆ ಸಿಕ್ಕಿದ್ದು ಈ ಹೆಡ್‌ಫೋನ್. ಅದಕ್ಕೀಗ ಹನ್ನೊಂದು ವರ್ಷ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ, ಎರಡು ಪುಟ ವರದಿ. ಇದುವರೆಗೆ ತುಂಬಿದ ನೋಟ್‌ಬುಕ್ ಅರವತ್ತಮೂರು. ಎಡಗಿವಿ ಸ್ವಲ್ಪ ಮಂದವಾಗಿದೆ. ವರದಿಯ ಕೆಳಗೆ ಹೆಸರಿರುವುದಿಲ್ಲ, "ಡೆಸ್ಕ್ ಮೂರು" ಎಂದಷ್ಟೇ. ಸಿಡ್ನಿಯ ಟೂಂಗಾಬಿ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಸಿಕ್ಕವರು ಇವರನ್ನು ಎಫ್‌ಎಂ ನಿರೂಪಕಿ ಎಂದುಕೊಂಡು, ಮೊಮ್ಮಗಳ ಬರ್ತ್‌ಡೇಗೆ ಒಂದು ಹಾಡು ಹಾಕಿ ಆಂಟಿ ಎನ್ನುವುದುಂಟು. ಗಿರಾವೀನ್‌ನ ಮನೆಯಲ್ಲಿ ಇಂದ್ರೇಶ್ ಅವರ ದೂರು ಬೇರೆ: "ಆ ದೇಶದ ಮಂತ್ರಿ ಏನ್ ಅಂದ ಅಂತ ಪ್ರತಿ ಅಕ್ಷರ ನೆನಪಿರ್ತೈತಿ. ನಾ ಹಾಲು ತಾ ಅಂದದ್ದು ಮಾತ್ರ ಇಲ್ಲ."

ಕಳೆದ ಮಾರ್ಚಿನಲ್ಲಿ ಈ ಕೆಲಸಕ್ಕೇ ಕುತ್ತು ಬಂತು. ಮೆಲ್ಬರ್ನ್‌ನ ಮ್ಯಾನೇಜರ್ ಆದರ್ಶ್ ಮೈಸೂರಿನ ಹುಡುಗ, ಇವರ ಅರ್ಧ ವಯಸ್ಸು. ಮೀಟಿಂಗಿನಲ್ಲಿ "ಸಂಧ್ಯಾ", ಫೋನಿನಲ್ಲಿ "ಆಂಟಿ". ಇನ್ನು ಮೇಲೆ ಸಾಫ್ಟ್‌ವೇರೇ ವರದಿ ಬರೆಯುತ್ತದೆ, ತಿಂಗಳ ಕೊನೆಗೆ ಡೆಸ್ಕ್ ಮೂರು ಮುಚ್ಚುತ್ತದೆ ಎಂದು ಅವರು ಸಂಕೋಚದಿಂದಲೇ ತಿಳಿಸಿದರು.

ಅದೇ ವಾರದ ಮಂಗಳವಾರ ಬೆಳಗ್ಗೆ ನಮ್ಮ ರೇಡಿಯೊದಲ್ಲಿ ಕೋಳಿ ಫಾರಂ ಒಂದರ ವರದಿ ಬಂತು. ಕೃಷಿಮಂತ್ರಿ ಭೇಟಿ ಕೊಟ್ಟರು, ಮೊಟ್ಟೆಗಳನ್ನು ನೋಡಿ ಸಂತೋಷಪಟ್ಟರು. ವರದಿಗಾರ ಮಂತ್ರಿಯ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಹುಂಜವೊಂದು ಕೂಗಿ, ಹೆಸರು ಮುಳುಗಿಹೋಯಿತು. ಸಂಧ್ಯಾರಾಣಿ ಪೆನ್ನು ಕೆಳಗಿಟ್ಟರು. ಈ ಹುಂಜವನ್ನು ಮೊದಲೇ ಕೇಳಿದ್ದೇನೆ ಅನ್ನಿಸಿತು. ನೋಟ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಹುಡುಕಿದರು. ಹದಿನಾಲ್ಕು ತಿಂಗಳ ಹಿಂದಿನ ಪುಟದಲ್ಲಿ ಅವರದೇ ಅಕ್ಷರ: "ಮಂತ್ರಿಯ ಹೆಸರಿನ ಮೇಲೆ ಕೋಳಿ ಕೂಗಿದೆ."

ಹಳೆಯ ಟೇಪನ್ನು ಇವತ್ತಿನ ಸುದ್ದಿ ಎಂದು ಹಾಕಿದ್ದಾರೆ. ದಿನಕ್ಕೆ ಮೂರು ಸಲ ಕೇಳುತ್ತಿದ್ದ ಆ ಮಂತ್ರಿಯ ಹೆಸರು ಬೆಳಗಿನಿಂದ ಒಮ್ಮೆಯೂ ಕೇಳಿಲ್ಲ. ಸಾಫ್ಟ್‌ವೇರಿನ ವರದಿ ಮೊಟ್ಟೆ ಉತ್ಪಾದನೆ ಉತ್ತಮ, ಪರಿಸ್ಥಿತಿ ಸಹಜ ಎಂದಿತು. ಡೆಸ್ಕ್ ಮೂರರ ವರದಿ, ಕೃಷಿಮಂತ್ರಿ ಕುರ್ಚಿಯಲ್ಲಿರುವುದು ಅನುಮಾನ ಎಂದಿತು.

ಆದರ್ಶ್ ಫೋನ್ ಮಾಡಿದರು. "ಆಂಟಿ, ಕೋಳಿ ಕೂಗಿತು ಅಂತ ಕ್ಲೈಂಟ್‌ಗೆ ಹೇಗೆ ಕಳಿಸಲಿ?"

"ಕಳಸ್ರಿ. ಮಂತ್ರಿ ಅದಾನ ಅಂತ ತೋರಸಬೇಕು, ಹೆಸರು ಮಾತ್ರ ಹೇಳಬಾರದು. ಅದೊಂದು ಟೇಪಿನ್ಯಾಗಷ್ಟ ಅಂವನ ಹೆಸರು ಕೇಳಸಂಗಿಲ್ಲ, ಅದಕ್ಕ ಹಾಕ್ಯಾರ. ತಪ್ಪಾದ್ರ ನನ್ನ ತೆಗೀರಿ. ಹೆಂಗೂ ತೆಗ್ಯಾವ್ರ ಇದ್ದೀರಿ."

ಆದರ್ಶ್ ಎರಡೂ ವರದಿ ಕಳಿಸಿದರು. ಮೆಲ್ಬರ್ನ್‌ನ ಗೋಧಿ ವ್ಯಾಪಾರಿಯೊಬ್ಬರು ಆ ಮಂತ್ರಿಯ ಸಹಿ ನಂಬಿ ಒಂದು ಹಡಗು ಗೋಧಿ ಕಳಿಸುವುದರಲ್ಲಿದ್ದರು. ಕೋಳಿಯ ವಿಷಯ ಓದಿ ನಕ್ಕರಂತೆ, ಆದರೂ ಹಡಗನ್ನು ಎರಡು ದಿನ ತಡೆದರು. ಗುರುವಾರ ನಮ್ಮ ರೇಡಿಯೊ, ಕೃಷಿಮಂತ್ರಿ ಅನಾರೋಗ್ಯದ ಕಾರಣ ವಿಶ್ರಾಂತಿಗೆ ತೆರಳಿದ್ದಾರೆ, ಅವರು ಮಾಡಿದ ಒಪ್ಪಂದಗಳೆಲ್ಲ ರದ್ದಾಗಿವೆ ಎಂದು ಲವಲವಿಕೆಯಿಂದ ಸಾರಿತು.

ವರದಿಯ ಕೆಳಗೆ ಮನುಷ್ಯರ ಹೆಸರಿಲ್ಲದ್ದರಿಂದ, ವ್ಯಾಪಾರಿಯ ಧನ್ಯವಾದದ ಪತ್ರ ಬಂದದ್ದು ಸಾಫ್ಟ್‌ವೇರಿನ ಹೆಸರಿಗೆ. ಮೆಲ್ಬರ್ನ್ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಆದರ್ಶ್ ಮಾತ್ರ ಮುಂದಿನ ವಿಮಾನ ಹಿಡಿದು ಸಿಡ್ನಿಗೆ ಬಂದು, ಒಂದು ತುಂಡು ಕೇಕನ್ನು ಡಬ್ಬಿಯಲ್ಲಿ ತಂದು ಇವರ ಮೇಜಿನ ಮೇಲಿಟ್ಟರು. ಡೆಸ್ಕ್ ಮೂರು ಮುಚ್ಚುವುದಿಲ್ಲ ಎಂದರು. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸಿದ ಸಂಧ್ಯಾರಾಣಿ, ಇದೆ ಎಂದು ತಿಳಿದು, ಅದನ್ನು ಸೆಕ್ಯೂರಿಟಿಯವನಿಗೆ ಕೊಟ್ಟರು.

ಒಂಬತ್ತು ಗಂಟೆಗೆ ಪ್ರಸಾರ ಮುಗಿಯುತ್ತದೆ. ಹೆಡ್‌ಫೋನ್ ಕಳಚಿ ಕಿವಿ ತಿಕ್ಕಿಕೊಳ್ಳುವಾಗ, ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ನೋಟ್‌ಬುಕ್ ಮುಚ್ಚುತ್ತಾರೆ.

"ಒಂದಿನ ಅವ್ರು, ನಿನ್ನೆ ನಾವ್ ಹೇಳಿದ್ದು ತಪ್ಪಾಗಿತ್ತು, ಕ್ಷಮಾ ಮಾಡ್ರಿ ಅನ್ನೂದು ನಾ ಕೇಳಬೇಕ್ರಿ. ಅವತ್ತ ನನ್ನ ಕೆಲಸ ಹೋಗ್ತೈತಿ. ಹೋಗ್ಲಿ ಬಿಡ್ರಿ."